ಹಸಿರೆಲ್ಲ ಗ್ರೀನ್ ಬೆಲ್ಟ್ ಅಲ್ಲ: ರೆಡಿಂಗ್ ಬರೋದ ನೀತಿ ನಕ್ಷೆಯನ್ನು ಓದುವುದು ಹೇಗೆ?

ಪ್ರಶ್ನೆ: ನಾನು ಶಿವಮೊಗ್ಗದವನು, ಆರು ವರ್ಷಗಳಿಂದ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇನೆ. ಊರಿನ ಪಶ್ಚಿಮಕ್ಕೆ, ಕೆನೆಟ್ ನದಿಯ ಹುಲ್ಲುಗಾವಲಿಗೆ ಬೆನ್ನು ಮಾಡಿ ನಿಂತಿರುವ ಒಂದು ಮನೆಯನ್ನು ಕೊಳ್ಳುವ ಯೋಚನೆ ಇದೆ. "ಹಿಂದಿನದು ಗ್ರೀನ್ ಬೆಲ್ಟ್, ಅಲ್ಲಿ ಎಂದೂ ಯಾರೂ ಕಟ್ಟುವಂತಿಲ್ಲ" ಎನ್ನುತ್ತಾನೆ ಏಜೆಂಟ್. ಇಲ್ಲಿನ ಸ್ಥಳೀಯ ಆಡಳಿತವಾದ ಬರೋ ಕೌನ್ಸಿಲಿನ ನಕ್ಷೆ ತೆರೆದರೆ ಹುಲ್ಲುಗಾವಲಿನ ಮೇಲೆ ಎರಡು ಮೂರು ಬಗೆಯ ಹಸಿರು. ಮನೆ ಇರುವ ಬೀದಿಗೆ ಮಾತ್ರ ಬಣ್ಣವೇ ಇಲ್ಲ. ಬೆಂಗಳೂರಿನಲ್ಲಿರುವ ಅಣ್ಣ "ಹಳದಿ ಇಲ್ಲದಿದ್ದರೆ ಮುಟ್ಟಬೇಡ" ಎನ್ನುತ್ತಾನೆ. ಹಿತ್ತಿಲಿನ ಶೆಡ್ಡು ಹಸಿರು ಗೆರೆಯೊಳಗೆ ಸೇರಿಕೊಂಡಂತೆ ಕಾಣುವುದು ಇನ್ನೊಂದು ವಿಚಿತ್ರ. ನಕ್ಷೆಯೇ ತಪ್ಪೇ? ಜೊತೆಗೆ, ಈಗ ನಾನು ಬಾಡಿಗೆಗಿರುವ ವಿಶ್ವವಿದ್ಯಾಲಯದ ಕಡೆ, ಹಂಚಿಕೊಂಡು ವಾಸಿಸುವ ಮನೆಗಳಿಗೆ ಕೌನ್ಸಿಲ್ ವೃತ್ತ ಎಳೆದು ಲೆಕ್ಕ ಹಾಕುತ್ತದಂತೆ. ಏನದು?

ಉತ್ತರ: ಏಜೆಂಟಿನ ಮಾತಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅದು ಶುದ್ಧ ತಪ್ಪು. ರೆಡಿಂಗ್ ಬರೋದ ಗಡಿಯೊಳಗೆ ಗ್ರೀನ್ ಬೆಲ್ಟ್ ಒಂದು ಗುಂಟೆಯೂ ಇಲ್ಲ. ಲಂಡನ್ನಿಗೆ ನಡುಪಟ್ಟಿಯಂತೆ ಸುತ್ತಿಕೊಂಡಿರುವ ಮೆಟ್ರೊಪಾಲಿಟನ್ ಗ್ರೀನ್ ಬೆಲ್ಟ್ ಪಶ್ಚಿಮಕ್ಕೆ ವಿಂಡ್ಸರ್, ಮೇಡನ್‌ಹೆಡ್ ಕಡೆಯಿಂದ ಬಂದು ವೋಕಿಂಗ್‌ಹ್ಯಾಮ್ ಬರೋದ ಈಶಾನ್ಯ ಭಾಗಕ್ಕೆ ನಿಲ್ಲುತ್ತದೆ. ರೆಡಿಂಗ್‌ವರೆಗೆ ಬರುವುದೇ ಇಲ್ಲ. ಗ್ರೀನ್ ಬೆಲ್ಟ್ ಎಂಬುದು ಇಲ್ಲಿ ಕಾನೂನಿನಲ್ಲಿ ತೂಕವಿರುವ ಪದ: ನಗರ ಹಬ್ಬದಂತೆ ತಡೆಯಲು ಅದರ ಸುತ್ತ ಕಟ್ಟಡ ನಿರ್ಬಂಧಿಸಿ ಬಿಟ್ಟ ಪಟ್ಟಿ. ಆದರೆ ಮನೆ ಮಾರುವವರ ಬಾಯಲ್ಲಿ ಅದು ಹುಲ್ಲು ಬೆಳೆದ ಯಾವ ಜಾಗಕ್ಕೂ ಸಲ್ಲುತ್ತದೆ. ಇಂಥ ನಕ್ಷೆಗಳ ಗೆರೆ ಎಳೆದೇ ಹೊಟ್ಟೆ ಹೊರೆದವನು ನಾನು. ಆ ಪದವನ್ನು ಸರಿಯಾಗಿ ಬಳಸಿದ ಏಜೆಂಟರನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಲ್ಲೆ.

ಹಾಗಾದರೆ ನಿಮ್ಮ ಹುಲ್ಲುಗಾವಲಿನ ಮೇಲಿರುವ ಹಸಿರುಗಳು ಯಾವುವು? ಎಲ್ಲಿ ಏನು ಕಟ್ಟಬಹುದು, ಏನು ಕಟ್ಟಬಾರದು ಎಂದು ಹೇಳುವ, 2019ರ ನವೆಂಬರ್ 4ರಂದು ಅಂಗೀಕಾರವಾದ ರೆಡಿಂಗ್ ಸ್ಥಳೀಯ ಯೋಜನೆಯಲ್ಲಿ ಹಸಿರಿನ ಬಗ್ಗೆಯೇ ಹಲವು ನೀತಿಗಳಿವೆ. ಇಎನ್ 7 ಎಂಬುದು ಸಾರ್ವಜನಿಕ ಬಯಲು ಮತ್ತು ಲೋಕಲ್ ಗ್ರೀನ್ ಸ್ಪೇಸ್‌ಗಳದು. ಇಎನ್ 12 ಜೀವವೈವಿಧ್ಯದ್ದು, ಹಸಿರು ಜಾಲದ್ದು. ಇಎನ್ 13 ಪ್ರಮುಖ ಭೂದೃಶ್ಯಗಳದು; ಅದರಲ್ಲಿ ಹೆಸರಿಸಿದ ಐದರಲ್ಲಿ ಕೆನೆಟ್ ಕಣಿವೆಯೂ ಒಂದು. ನಕ್ಷೆಯಲ್ಲಿ ಇವು ಒಂದರ ಮೇಲೊಂದು ಹೊದಿಸಿದ ಪದರಗಳು, ಅದಕ್ಕೇ ನಿಮಗೆ ಎರಡು ಮೂರು ಹಸಿರು ಕಾಣುತ್ತಿರುವುದು. ಆದರೆ ಪ್ರತಿ ಪದರದ ಬಿಗಿಯೂ ಬೇರೆ. ಲೋಕಲ್ ಗ್ರೀನ್ ಸ್ಪೇಸ್ ಎಂದು ಗುರುತಾದ ಜಾಗವನ್ನು ಗ್ರೀನ್ ಬೆಲ್ಟಿನಂತೆಯೇ ಕಾಯಬೇಕು ಎನ್ನುತ್ತದೆ ರಾಷ್ಟ್ರೀಯ ನೀತಿ. ಭೂದೃಶ್ಯದ ನೀತಿಯ ದನಿ ಅಷ್ಟು ಗಡುಸಲ್ಲ. ಆ ಭೂದೃಶ್ಯದ ಸ್ವರೂಪಕ್ಕೋ ನೋಟಕ್ಕೋ ಕುಂದು ತರುವ ಕಟ್ಟಡಕ್ಕೆ ಅನುಮತಿ ಇಲ್ಲ ಎಂದಷ್ಟೇ ಅದು ಹೇಳುತ್ತದೆ. ಕುಂದು ಬರುವುದಿಲ್ಲ ಎಂದು ವಾದಿಸಲು ಡೆವಲಪರುಗಳ ಬಳಿ ಭೂದೃಶ್ಯ ಪರಿಣತರ ಪಡೆಯೇ ಇರುತ್ತದೆ. ಹಾಗಾಗಿ ಆ ಹುಲ್ಲುಗಾವಲಿನ ಮೇಲಿರುವ ಹಸಿರು ಯಾವ ನೀತಿಯದು ಎಂದು ಮೊದಲು ನೋಡಿ. ನಕ್ಷೆಯ ಸಂಕೇತಪಟ್ಟಿಯಿಂದ ನೀತಿಯ ಸಂಖ್ಯೆ ಹಿಡಿದು, ಆ ಸಂಖ್ಯೆಯ ಪುಟ ತೆರೆದು, ವಾಕ್ಯಗಳನ್ನು ಓದಿ. ಅಲ್ಲಿ "ಇಲ್ಲ" ಎಂದಿದೆಯೋ, "ಹೊರತು" ಎಂದಿದೆಯೋ ಎಂಬುದರ ಮೇಲೆ ನಿಮ್ಮ ಹಿತ್ತಿಲಿನ ನೋಟ ನಿಂತಿದೆ.

ಈಗ ಅಣ್ಣನ ಹಳದಿ. ಅವರು ಹೇಳುವುದು ಅವರ ಊರಿಗೆ ಸರಿ. ಕರ್ನಾಟಕದಲ್ಲಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಮಾಸ್ಟರ್ ಪ್ಲಾನ್ ಇಡೀ ಊರನ್ನು ವಲಯಗಳಾಗಿ ಹಂಚುತ್ತದೆ. 2007ರಲ್ಲಿ ಜಾರಿಗೆ ಬಂದ ಬೆಂಗಳೂರಿನ ಪರಿಷ್ಕೃತ ಮಾಸ್ಟರ್ ಪ್ಲಾನ್ 2015 ಹಿಡಿದು ನೋಡಿದರೆ ವಸತಿ ಹಳದಿ, ವಾಣಿಜ್ಯ ನೀಲಿ, ಉದ್ಯಾನ ಹಸಿರು. ಹಳದಿಯಲ್ಲಿ ನಿವೇಶನವಿದ್ದು ನಿಯಮಗಳ ಅಳತೆಗೆ ಹೊಂದಿದರೆ ಮನೆ ಕಟ್ಟುವುದು ಬಹುಮಟ್ಟಿಗೆ ಹಕ್ಕಿನ ಮಾತು. ಹಾಗಾಗಿ ಅಲ್ಲಿ ಬಣ್ಣವಿಲ್ಲದ ಜಾಗ ಎಂದರೆ ಎದೆ ಝಲ್ಲೆನ್ನುವುದು ಸಹಜ.

ಇಂಗ್ಲೆಂಡಿನಲ್ಲಿ ಹಾಗಿಲ್ಲ. 1947ರ ಟೌನ್ ಅಂಡ್ ಕಂಟ್ರಿ ಪ್ಲಾನಿಂಗ್ ಕಾಯ್ದೆ 1948ರ ಜುಲೈ 1ರಂದು ಜಾರಿಗೆ ಬಂದಾಗ ಭೂಮಿ ಒಡೆಯನಲ್ಲೇ ಉಳಿಯಿತು, ಅದರ ಮೇಲೆ ಕಟ್ಟುವ ಹಕ್ಕು ಮಾತ್ರ ಸರ್ಕಾರಕ್ಕೆ ಹೋಯಿತು. ಅಂದಿನಿಂದ ಇಂದಿನವರೆಗೆ ಯಾರಿಗೇ ಆಗಲಿ, ಯಾವುದೇ ಬಣ್ಣದಲ್ಲಿ ಆಗಲಿ, ಅಭಿವೃದ್ಧಿ ಎಂಬುದಕ್ಕೆ ಅನುಮತಿ ಬೇಕು. ಸಣ್ಣಪುಟ್ಟದ್ದಕ್ಕೆ ಸರ್ಕಾರ ಮುಂಚೆಯೇ ಸಾರಾಸಗಟಾಗಿ ಕೊಟ್ಟಿಟ್ಟಿದೆ, ಅಷ್ಟೇ. ಒಂದು ಗೋಡೆಯನ್ನು ಪಕ್ಕದ ಮನೆಯೊಂದಿಗೆ ಹಂಚಿಕೊಂಡ ಸೆಮಿ ಡಿಟ್ಯಾಚ್ಡ್ ಮನೆಯ ಹಿಂದೆ ಮೂರು ಮೀಟರ್ ಒಂದಂತಸ್ತಿನ ಕೋಣೆ ಚಾಚುವುದು ಇಂಥದ್ದರಲ್ಲಿ ಒಂದು. ಮಿಕ್ಕಿದ್ದಕ್ಕೆಲ್ಲ ಅರ್ಜಿ. ಆ ಅರ್ಜಿಯನ್ನು ತೂಗುವಾಗ 2004ರ ಪ್ಲಾನಿಂಗ್ ಅಂಡ್ ಕಂಪಲ್ಸರಿ ಪರ್ಚೇಸ್ ಕಾಯ್ದೆಯ 38(6)ನೇ ಸೆಕ್ಷನ್ನಿನ ಪ್ರಕಾರ ಯೋಜನೆಗೆ ಅನುಸಾರವಾಗಿ ತೀರ್ಮಾನಿಸಬೇಕು. ಬೇರೆ ಪರಿಗಣನೆಗಳು ಬೇರೆಯದನ್ನೇ ಹೇಳಿದರೆ ಮಾತ್ರ ದಾರಿ ಬಿಡಬಹುದು. ಬೆಂಗಳೂರಿನ ನಕ್ಷೆಯದು ಅಪ್ಪಣೆಯ ಸ್ವರ. ಇಲ್ಲಿನದಕ್ಕೆ ತಕ್ಕಡಿಯ ಗುಣ ಇದೆ, ಒಂದು ತಟ್ಟೆಯಲ್ಲಿ ಭಾರವಾದ ಕಲ್ಲನ್ನು ಮೊದಲೇ ಇಟ್ಟ ತಕ್ಕಡಿ.

ಆದ್ದರಿಂದ ನಿಮ್ಮ ಬೀದಿ ಬಿಳಿಯಾಗಿರುವುದು ಒಳ್ಳೆಯದೇ. ನಮ್ಮ ವೃತ್ತಿಯವರು ಅದನ್ನು ಬಿಳಿ ಜಾಗ ಎಂದೇ ಕರೆಯುತ್ತೇವೆ. ಅಲ್ಲಿಗೆಂದೇ ವಿಶೇಷ ಗುರುತು ಯಾವುದೂ ಇಲ್ಲ, ಇಡೀ ಬರೋಕ್ಕೆ ಅನ್ವಯವಾಗುವ ಸಾಮಾನ್ಯ ನೀತಿಗಳು ಅಲ್ಲಿಗೂ ಅನ್ವಯ. ಉದಾಹರಣೆಗೆ ಮನೆಯ ಹಿತ್ತಿಲಿನಲ್ಲಿ ಇನ್ನೊಂದು ಮನೆ ಎಬ್ಬಿಸುವುದರ ಬಗ್ಗೆ ಎಚ್ 11 ಎಂಬ ನೀತಿ ಇದೆ. ಅದನ್ನು ತೋರಿಸಲು ಯಾವ ಬಣ್ಣವೂ ಬೇಡ, ಏಕೆಂದರೆ ಅದು ಎಲ್ಲೆಲ್ಲೂ ಇದೆ. ನಕ್ಷೆಯಲ್ಲಿ ಕಾಣದ ನೀತಿಗಳೇ ಹೆಚ್ಚು ಎಂಬುದನ್ನು ಹೊಸಬರು ಮರೆಯುತ್ತಾರೆ.

ಇನ್ನೊಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡುತ್ತೇನೆ. ಭೂ ಬಳಕೆಯ ನಕ್ಷೆ ಬೇರೆ, ನೀತಿ ನಕ್ಷೆ ಬೇರೆ. ಮೊದಲನೆಯದು ಇಂದು ಏನಿದೆ ಎನ್ನುತ್ತದೆ, ಎರಡನೆಯದು ನಾಳೆ ಏನಾಗಬಹುದು, ಏನಾಗಬಾರದು ಎನ್ನುತ್ತದೆ. 1930ರ ದಶಕದಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನ ಡಡ್ಲಿ ಸ್ಟ್ಯಾಂಪ್ ಇಡೀ ಬ್ರಿಟನ್ನಿನ ಭೂ ಬಳಕೆಯ ಸಮೀಕ್ಷೆ ಕೈಗೊಂಡಾಗ ಹೊಲ ಹೊಲ ಸುತ್ತಿದವರಲ್ಲಿ ಶಾಲಾ ಮಕ್ಕಳೇ ದೊಡ್ಡ ಸಂಖ್ಯೆಯಲ್ಲಿದ್ದರು. ಮೈಲಿಗೆ ಆರು ಇಂಚಿನ ನಕ್ಷೆಯ ಹಾಳೆ ಹಿಡಿದು ಕಾಡು, ಹುಲ್ಲುಗಾವಲು, ಉತ್ತ ಹೊಲ, ತೋಟ ಎಂದು ಗುರುತು ಹಾಕುತ್ತ ಹೋದರು. ಕಂಡದ್ದನ್ನು ಕಂಡ ಹಾಗೆ. ನನಗೆ ಆ ನಕ್ಷೆಗಳೆಂದರೆ ಇಂದಿಗೂ ಒಂದು ಬಗೆಯ ಅಸೂಯೆ. ಯಾವ ವಕೀಲನೂ ಆ ಮಕ್ಕಳ ಪೆನ್ಸಿಲ್ ಗೆರೆಯ ಮೇಲೆ ಅಡ್ಡ ಸವಾಲು ಹಾಕುತ್ತಿರಲಿಲ್ಲ.

ನೀತಿ ನಕ್ಷೆಯ ಗೆರೆಗೆ ಆ ಭಾಗ್ಯವಿಲ್ಲ. ಅದು ಹೇಗಿರಬೇಕೆಂದು 2012ರ ಸ್ಥಳೀಯ ಯೋಜನಾ ನಿಯಮಗಳ 9ನೇ ನಿಯಮ ಮೂರು ಮಾತು ಹೇಳುತ್ತದೆ: ಬ್ರಿಟನ್ನಿನ ರಾಷ್ಟ್ರೀಯ ನಕ್ಷಾ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೆಯ ನಕ್ಷೆಯ ಆಧಾರ ಇರಬೇಕು, ಬಳಸಿದ ಸಂಕೇತಗಳಿಗೆ ವಿವರಣೆ ಇರಬೇಕು, ಯೋಜನೆಯ ನೀತಿಗಳು ಎಲ್ಲೆಲ್ಲಿ ಅನ್ವಯವಾಗುತ್ತವೆ ಎಂದು ತೋರಿಸಬೇಕು. ಆಮೇಲೆ ನಮ್ಮಂಥವರ ಪ್ರಾಣ ಉಳಿಸುವ ನಾಲ್ಕನೆಯ ಮಾತು: ನಕ್ಷೆಗೂ ಪಠ್ಯಕ್ಕೂ ತಾಳೆಯಾಗದಿದ್ದರೆ ಪಠ್ಯವೇ ಗೆಲ್ಲುತ್ತದೆ. 2012ಕ್ಕೆ ಮುಂಚೆ ಇದನ್ನು ಪ್ರಸ್ತಾವ ನಕ್ಷೆ ಎನ್ನುತ್ತಿದ್ದರು, ಹಳಬರು ಈಗಲೂ ಹಾಗೇ ಎನ್ನುತ್ತಾರೆ. ಇನ್ನೂ ಒಂದು ಸೂಕ್ಷ್ಮವಿದೆ. ಯೋಜನೆಯನ್ನು ಪರಿಶೀಲಿಸಲು ಬರುವ ಇನ್‌ಸ್ಪೆಕ್ಟರಿಗೆ ನೀತಿಯ ಪಠ್ಯವನ್ನು ತಿದ್ದಬೇಕೆಂದು ಶಿಫಾರಸು ಮಾಡುವ ಅಧಿಕಾರವಿದೆ, ನಕ್ಷೆಯನ್ನು ತಿದ್ದಿಸುವ ಅಧಿಕಾರ ನೇರವಾಗಿ ಇಲ್ಲ. ಕಾನೂನಿನ ಕಣ್ಣಿಗೆ ನಕ್ಷೆ ಯೋಜನೆಯ ದಾಖಲೆಯೇ ಅಲ್ಲ, ಅದರ ನೆರಳು. ಪಠ್ಯ ಬದಲಾದರೆ ಅದಕ್ಕೆ ತಕ್ಕಂತೆ ನಕ್ಷೆಯನ್ನು ತಿದ್ದಿಕೊಳ್ಳುವುದು ಕೌನ್ಸಿಲಿನ ಕೆಲಸ.

ನೆರಳಿನಲ್ಲಿ ಎಡವಿದ ಕಥೆಯೊಂದು ನನ್ನದೂ ಇದೆ. ಬಹಳ ಹಿಂದೆ ಒಂದು ಕೌನ್ಸಿಲಿನಲ್ಲಿ, ಹೆಸರು ಬೇಡ, ಕಾಗದದ ನಕ್ಷೆಯನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಕ್ಷೆಯ ಪ್ರಮಾಣ 1:10,000. ಹಿಂದಿನವರು ಬಯಲುಗಳ ಅಂಚನ್ನು ಎಳೆದ ಪೆನ್ನಿನ ಗೆರೆ ಅರ್ಧ ಮಿಲಿಮೀಟರ್ ದಪ್ಪ. ಲೆಕ್ಕ ಹಾಕಿ ನೋಡಿ, ನೆಲದ ಮೇಲೆ ಅದು ಐದು ಮೀಟರ್. ಒಂದು ಕಾರು ನಿಲ್ಲಿಸುವಷ್ಟು ಅಗಲದ ಗೆರೆ! ಮೇರೆ ಎಂದರೆ ಅದರ ಒಳ ಅಂಚೋ, ಹೊರ ಅಂಚೋ, ನಡುವೋ? ಕೇಳಲು ಗೆರೆ ಎಳೆದವರು ನಿವೃತ್ತರಾಗಿದ್ದರು. ಹತ್ತಿರ ಕಂಡ ಬೇಲಿಗೆ, ಗೋಡೆಗೆ ಗೆರೆಯನ್ನು ಅಂಟಿಸುತ್ತ ಹೋದೆ. ತಂತ್ರಾಂಶದಲ್ಲಿ ಆ ಸೌಲಭ್ಯ ಇದ್ದೇ ಇತ್ತು. ಶಾಲೆಯೊಂದರ ಆಟದ ಮೈದಾನದ ಮೂಲೆಯಲ್ಲಿ ಗೆರೆ ಹೋಗಿ ತಪ್ಪು ಬೇಲಿಗೆ ಅಂಟಿಕೊಂಡಿತು. ಆ ಮೂಲೆ ಬಯಲಿನ ಗುರುತಿನಿಂದ ಆಚೆ ಬಿತ್ತು. ಮೂರು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಗೊತ್ತುಮಾಡಿಕೊಂಡವನು ಡೆವಲಪರ್ ಪರ ವಕೀಲ. ಪುಣ್ಯಕ್ಕೆ ನೀತಿಯ ಅನುಬಂಧದಲ್ಲಿ ಆ ಮೈದಾನದ ಹೆಸರು, ವಿಸ್ತೀರ್ಣ ಎರಡೂ ಇದ್ದವು. ಪಠ್ಯ ಗೆದ್ದಿತು, ನಾನು ಕೆಲಸದಲ್ಲಿ ಉಳಿದೆ. ಊರಿನಲ್ಲಿ ಬದುವಿನ ಜಗಳಕ್ಕೆ ತಲೆಮಾರುಗಟ್ಟಲೆ ಕೋರ್ಟಿಗೆ ಅಲೆದವರನ್ನು ಕಂಡು ನಗುತ್ತಿದ್ದವನು ಅಂದಿನಿಂದ ನಗುವುದನ್ನು ಬಿಟ್ಟಿದ್ದೇನೆ.

ನಕ್ಷೆಯ ಬಣ್ಣಗಳಲ್ಲಿ ಎರಡು ಜಾತಿ ಇವೆ ಎಂಬುದೂ ನಿಮಗೆ ಬೇಕಾಗುತ್ತದೆ. ಒಂದು, ಕಾಪಾಡುವ ಗುರುತು. ಮೇಲೆ ಹೇಳಿದ ಹಸಿರುಗಳು, ಸಂರಕ್ಷಿತ ಪ್ರದೇಶಗಳು ಇದರಲ್ಲಿ ಸೇರುತ್ತವೆ. ಇನ್ನೊಂದು, ಇಲ್ಲಿ ಇಂಥದ್ದು ಬರಲಿ ಎಂದು ಜಾಗ ನಿಗದಿ ಮಾಡುವ ಗುರುತು. ಮನೆ ಕೊಳ್ಳುವವರು ಮೊದಲನೆಯದನ್ನು ನೋಡಿ ಖುಷಿಪಟ್ಟು ಎರಡನೆಯದನ್ನು ಹುಡುಕುವುದೇ ಇಲ್ಲ.

ನಿಗದಿ ಏಕೆ ಬೇಕು ಎಂದರೆ ಸಂಖ್ಯೆಯ ಒತ್ತಡ. ರೆಡಿಂಗ್ ಬರೋ ಸುಮಾರು 40 ಚದರ ಕಿಲೋಮೀಟರಿನ ಪುಟ್ಟ ಜಾಗ, ಗಡಿಯವರೆಗೂ ಹೆಚ್ಚುಕಡಿಮೆ ಕಟ್ಟಿ ಮುಗಿದ ಊರು. 2013ರಿಂದ 2036ರವರೆಗೆ ವರ್ಷಕ್ಕೆ 699 ಮನೆಗಳ ಅಗತ್ಯವಿದೆ ಎಂದು ಲೆಕ್ಕ ಬಂತು. ಮೂಲೆ ಮೂಲೆ ಹುಡುಕಿದರೂ ಜಾಗ ಸಿಕ್ಕಿದ್ದು 689ಕ್ಕೆ. ಒಟ್ಟು 15,847 ಮನೆಗಳ ಗುರಿ ಇಟ್ಟುಕೊಂಡು, ಮಿಕ್ಕ 230 ಮನೆಗಳನ್ನು ನೆರೆಯ ಆಡಳಿತಗಳು ತಮ್ಮಲ್ಲಿ ಸೇರಿಸಿಕೊಳ್ಳಲಿ ಎಂದು ಯೋಜನೆ ಬರೆಯಿತು. ಇಂಥ ಲೆಕ್ಕದ ಎದುರು ಖಾಲಿ ಕಂಡ ಹಸಿರೆಲ್ಲ ಯಾರದೋ ಕೋಷ್ಟಕದಲ್ಲಿ ಒಂದು ಸಾಲು.

ಉತ್ತರಕ್ಕೆ, ಎಮ್ಮರ್ ಗ್ರೀನ್ ಕಡೆ, ರೆಡಿಂಗ್ ಗಾಲ್ಫ್ ಕ್ಲಬ್ಬಿನ ಮೈದಾನ ಇತ್ತು. ಬರೋದ ಗಡಿ ಅದರ ಮೇಲೇ ಹಾದುಹೋಗುತ್ತದೆ: ಸ್ವಲ್ಪ ಭಾಗ ರೆಡಿಂಗ್, ಉಳಿದದ್ದು ಸೌತ್ ಆಕ್ಸ್‌ಫರ್ಡ್‌ಷೈರ್. 2019ರ ಯೋಜನೆ ರೆಡಿಂಗ್ ಕಡೆಯ ಒಂದು ತುಂಡನ್ನು ಸಿಎ1ಬಿ ಎಂಬ ಹೆಸರಿನಲ್ಲಿ 90ರಿಂದ 130 ಮನೆಗಳಿಗೆ ನಿಗದಿ ಮಾಡಿತು. ಆಮೇಲೆ ಕ್ಲಬ್ಬೇ ಅಲ್ಲಿಂದ ಕಾಲ್ತೆಗೆಯಿತು, ಕೊನೆಗೆ ಅನುಮತಿ ಸಿಕ್ಕಿದ್ದು 223 ಮನೆಗಳಿಗೆ. ಮೈದಾನದ ಅಂಚಿನಲ್ಲಿ ಮನೆ ಕೊಂಡಿದ್ದವರಿಗೆ ಏನನ್ನಿಸಿರಬಹುದು ಎಂದು ಯೋಚಿಸಿ. ಯೋಜನೆಯಲ್ಲಿ ಬರೆದ ಸಂಖ್ಯೆ ಬೀಗವಲ್ಲ. ತಕ್ಕಡಿಯ ಮಾತು ಹೇಳಿದೆನಲ್ಲ, ಇದು ಅದರ ಇನ್ನೊಂದು ತಟ್ಟೆ.

ನಿಮ್ಮ ಹುಲ್ಲುಗಾವಲಿಗೆ ಇಂಥ ಗತಿ ಬರುವುದು ಕಷ್ಟ. ಅದಕ್ಕೆ ಮುಖ್ಯ ಕಾರಣ ಕೌನ್ಸಿಲಿನ ಯಾವ ಹಸಿರೂ ಅಲ್ಲ, ನೀರು. ಕೆನೆಟ್ ಬಯಲಿನ ಪ್ರವಾಹ ವಲಯಗಳನ್ನು ಎಳೆಯುವುದು ಎನ್ವಿರಾನ್‌ಮೆಂಟ್ ಏಜೆನ್ಸಿ ಎಂಬ ಸರ್ಕಾರಿ ಸಂಸ್ಥೆ. ಯಾವುದೇ ಒಂದು ವರ್ಷದಲ್ಲಿ ನದಿ ಉಕ್ಕಿ ಬರುವ ಸಾಧ್ಯತೆ ಶೇ 1 ಅಥವಾ ಹೆಚ್ಚಿದ್ದರೆ ವಲಯ 3, ಶೇ 0.1ರಿಂದ 1ರ ನಡುವೆ ಇದ್ದರೆ ವಲಯ 2. ತಡೆಗೋಡೆ ಇದ್ದರೂ ಅದನ್ನು ಲೆಕ್ಕಕ್ಕೆ ಹಿಡಿಯದೆ ಎಳೆದ ಗೆರೆಗಳಿವು. ನೀರು ನಿಲ್ಲಲೆಂದೇ ಬಿಟ್ಟ ಬಯಲು ವಲಯ 3ಬಿ. ಅಲ್ಲಿ ಮನೆಗಳಿಗೆ ಬಾಗಿಲು ಮುಚ್ಚಿದಂತೆಯೇ. ಈ ನಕ್ಷೆ ಯೋಜನೆಯ ಪುಸ್ತಕಕ್ಕೆ ಕಾಯುವುದಿಲ್ಲ, ತನ್ನ ಪಾಡಿಗೆ ತಾನು ಬದಲಾಗುತ್ತದೆ. 2025ರ ಮಾರ್ಚಿನಲ್ಲಿ ದೇಶಕ್ಕೆಲ್ಲ ಹೊಸ ಮಾಹಿತಿ ಬಂತು. ಆದ್ದರಿಂದ ಕೌನ್ಸಿಲಿನ ನಕ್ಷೆಯಲ್ಲಿ ನೀಲಿ ಹುಡುಕಬೇಡಿ, ಏಜೆನ್ಸಿಯ ಇಂದಿನ ನಕ್ಷೆಯಲ್ಲಿ ಹುಡುಕಿ. ಹಿಂದಿನ ಬಯಲನ್ನಷ್ಟೇ ಅಲ್ಲ, ನಿಮ್ಮ ಅಡುಗೆಮನೆ ಯಾವ ವಲಯದಲ್ಲಿದೆ ಎಂಬುದನ್ನೂ ನೋಡಿ. ನೋಟ ಕಾಪಾಡುವ ನೀರೇ ಮನೆ ವಿಮೆಯ ಕಂತನ್ನೂ ಏರಿಸುತ್ತದೆ.

ಹೊರಗಿನವರು ಎಳೆದ ಗೆರೆ ಯೋಜನೆಯನ್ನು ಹೇಗೆ ತಲೆಕೆಳಗು ಮಾಡಬಲ್ಲದು ಎಂಬುದಕ್ಕೆ ನಿಮ್ಮ ಪಕ್ಕದಲ್ಲೇ ಉದಾಹರಣೆ ಇದೆ. ರೆಡಿಂಗ್‌ನ ನೈಋತ್ಯಕ್ಕೆ ಬರ್ಗ್‌ಫೀಲ್ಡ್‌ನಲ್ಲಿ ಅಣ್ವಸ್ತ್ರ ಜೋಡಿಸುವ ಕಾರ್ಖಾನೆ ಇದೆ. ಎಂ4 ಹೆದ್ದಾರಿಯ ದಕ್ಷಿಣಕ್ಕೆ ಗ್ರೇಜ್ಲಿ ಎಂಬಲ್ಲಿ 15,000 ಮನೆಗಳ ಹೊಸ ಊರಿನ ಕನಸು ನೆರೆಯ ಕೌನ್ಸಿಲುಗಳಿಗಿತ್ತು. 2019ರಲ್ಲಿ ವಿಕಿರಣ ತುರ್ತು ಸನ್ನದ್ಧತೆಯ ಹೊಸ ನಿಯಮಗಳು ಬಂದವು, 2020ರಲ್ಲಿ ಕಾರ್ಖಾನೆಯ ಸುತ್ತಲಿನ ತುರ್ತು ಯೋಜನಾ ವಲಯ ಹಿಗ್ಗಿತು, ಗ್ರೇಜ್ಲಿ ಅದರೊಳಗೆ ಬಿತ್ತು. ವೋಕಿಂಗ್‌ಹ್ಯಾಮ್ ತನ್ನ ಕರಡು ಯೋಜನೆಯಿಂದ ಆ ಊರನ್ನು ಕೈಬಿಡಬೇಕಾಯಿತು. ವರ್ಷಗಟ್ಟಲೆ ತಯಾರಿಸಿದ ಕಡತ ಒಂದು ಗೆರೆಗೆ ಮುಗಿಯಿತು. ಆ ವಲಯದ ಅಂಚು ರೆಡಿಂಗ್‌ನ ದಕ್ಷಿಣ ಭಾಗವನ್ನೂ ಮುಟ್ಟುತ್ತದೆ.

ನೆರೆಯವರ ಮಾತು ಬಂತಲ್ಲ, ಕೌನ್ಸಿಲಿನ ನಕ್ಷೆ ಬರೋದ ಗಡಿಗೆ ಬಂದು ಥಟ್ಟನೆ ನಿಲ್ಲುತ್ತದೆ, ಆಚೆ ಬರೀ ಬೂದು. ಊರು ಹಾಗೆ ನಿಲ್ಲುವುದಿಲ್ಲ. ಪಶ್ಚಿಮದ ಕಾಲ್ಕಟ್ ನೋಡಲು ರೆಡಿಂಗೇ, ಆಡಳಿತ ವೆಸ್ಟ್ ಬರ್ಕ್‌ಷೈರ್. ಪೂರ್ವದ ವುಡ್ಲಿ, ಅರ್ಲಿ ವೋಕಿಂಗ್‌ಹ್ಯಾಮಿಗೆ ಸೇರಿದವು. ವಿಶ್ವವಿದ್ಯಾಲಯದ ವೈಟ್‌ನೈಟ್ಸ್ ಕ್ಯಾಂಪಸ್ಸಿನೊಳಗೇ ಗಡಿ ಹಾದಿದೆ. ನಿಮ್ಮ ಮನೆ ಪಶ್ಚಿಮದ ಅಂಚಿಗಿದ್ದರೆ ವೆಸ್ಟ್ ಬರ್ಕ್‌ಷೈರಿನ ನಕ್ಷೆಯನ್ನೂ ತೆರೆದು ಪಕ್ಕದಲ್ಲಿಟ್ಟುಕೊಳ್ಳಿ. ನಿಮ್ಮ ಸಾಲಿಸಿಟರ್, ಅಂದರೆ ಖರೀದಿ ನೋಡಿಕೊಳ್ಳುವ ವಕೀಲರು, "ಸರ್ಚ್ ಮಾಡಿಸಿದ್ದೇನೆ" (ಕೌನ್ಸಿಲಿಗೆ ಆಸ್ತಿಯ ಬಗ್ಗೆ ಪ್ರಶ್ನೆಗಳನ್ನು ಕಳಿಸಿದ್ದೇನೆ) ಎಂದು ಸಮಾಧಾನ ಹೇಳಬಹುದು. ಕಾನ್ 29 ಎಂಬ ಆ ಅರ್ಜಿಯ 1.2ನೇ ಪ್ರಶ್ನೆ ಯೋಜನೆಯ ಗುರುತುಗಳ ಬಗ್ಗೆ ಕೇಳುವುದು ನಿಜ, ಆದರೆ ಬರುವ ಉತ್ತರ ಮುಖ್ಯವಾಗಿ ನೀವು ಕೊಳ್ಳುವ ಆಸ್ತಿಯ ಮಟ್ಟಿಗೆ. ಹಿಂದಿನ ಹುಲ್ಲುಗಾವಲಿನ ಬಗ್ಗೆ ತಿಳಿಯಬೇಕಾದರೆ ಬೇರೆಯಾಗಿಯೇ ಕೇಳಬೇಕು. ಕೇಳಿ.

ಇನ್ನು ವೃತ್ತ. ಇದು ನನಗೆ ಬಹಳ ಇಷ್ಟದ ವಿಷಯ, ಏಕೆಂದರೆ ನೀತಿಯೊಂದು ಪೂರ್ತಿ ಜ್ಯಾಮಿತಿಯಾಗಿಬಿಡುವುದು ಅಪರೂಪ. ಸಂಬಂಧಿಕರಲ್ಲದ ಮೂರರಿಂದ ಆರು ಜನ ಅಡುಗೆಮನೆ, ಬಚ್ಚಲು ಹಂಚಿಕೊಂಡು ಇರುವ ಮನೆ ಸಿ4 ವರ್ಗಕ್ಕೆ ಸೇರುತ್ತದೆ. ಸಾಧಾರಣ ಮನೆಯನ್ನು ಹಾಗೆ ಬದಲಿಸಲು 2010ರ ಅಕ್ಟೋಬರಿನಿಂದ ಅರ್ಜಿ ಬೇಕಿಲ್ಲ. ಇಡೀ ಬೀದಿಗಳು ಹೀಗೆ ಬದಲಾಗುವುದನ್ನು ತಡೆಯಲು ಕೌನ್ಸಿಲ್ ಆರ್ಟಿಕಲ್ 4 ಎಂಬ ನಿರ್ದೇಶನ ಹೊರಡಿಸಿ, ನಕ್ಷೆಯಲ್ಲಿ ಗೆರೆ ಎಳೆದು, ಅದರೊಳಗೆ ಆ ಸಾರಾಸಗಟು ಅನುಮತಿಯನ್ನು ವಾಪಸ್ ಪಡೆಯಬಹುದು. ರೆಡಿಂಗ್ ಕೌನ್ಸಿಲ್ ವಿಶ್ವವಿದ್ಯಾಲಯದ ಸುತ್ತ ಹಾಗೆ ಮಾಡಿದೆ. ಒಳಗೆ ಅರ್ಜಿ ಬಂದರೆ ಎಚ್ 8 ನೀತಿ: ಆ ಮನೆಯಿಂದ 50 ಮೀಟರ್ ತ್ರಿಜ್ಯದ ವೃತ್ತದೊಳಗೆ ಇರುವ ಮನೆಗಳಲ್ಲಿ ಹಂಚಿಕೆ ಮನೆಗಳು ಶೇ 25 ದಾಟಬಾರದು.

ಎಳೆದು ನೋಡಿ. 50 ಮೀಟರ್ ತ್ರಿಜ್ಯ ಎಂದರೆ ಸುಮಾರು ಎರಡು ಎಕರೆ. ಇಟ್ಟಿಗೆಯ ಸಾಲು ಮನೆಗಳ ಬೀದಿಯಲ್ಲಿ ವೃತ್ತದೊಳಗೆ 44 ಮನೆ ಬಿದ್ದವು ಎನ್ನೋಣ. ಹೊಸದನ್ನೂ ಸೇರಿಸಿ 11 ಹಂಚಿಕೆ ಮನೆಗಳಾದರೆ ಸರಿಯಾಗಿ ಶೇ 25, ಹನ್ನೆರಡನೆಯದಕ್ಕೆ ಇಲ್ಲ. ಜಗಳ ಇರುವುದು ಅಂಚಿನಲ್ಲಿ. ವೃತ್ತದ ಕೇಂದ್ರ ಮುಂಬಾಗಿಲೋ, ಮನೆಯ ನಡುವೋ? ಕಮಾನು ಅರ್ಧ ಕತ್ತರಿಸಿದ ಮನೆ ಒಳಗೋ ಹೊರಗೋ? ಎರಡು ಮೀಟರ್ ಕೇಂದ್ರ ಸರಿದರೆ 44 ಹೋಗಿ 41 ಆಗಬಹುದು, ಶೇಕಡಾವಾರು ಜಿಗಿಯಬಹುದು. ಹಂಚಿಕೆ ಮನೆ ಯಾವುದು ಎಂಬ ಮಾಹಿತಿಯೂ ಕೌನ್ಸಿಲ್ ತೆರಿಗೆ, ಪರವಾನಗಿ, ಹಳೆಯ ಅರ್ಜಿಗಳನ್ನು ಜೋಡಿಸಿ ಕಟ್ಟಬೇಕಾದದ್ದು. ಹಾಗಾಗಿ ನೀತಿ ಬರೆಯುವವರಿಗೆ ನಾನು ಹೇಳುವುದು ಇಷ್ಟೇ, ವೃತ್ತ ಎಳೆಯುವ ಮೊದಲು ಕೈವಾರದ ಮುಳ್ಳು ಎಲ್ಲಿ ಊರಬೇಕು ಎಂದು ಒಂದು ವಾಕ್ಯದಲ್ಲಿ ಬರೆಯಿರಿ. ನೀವು ಕೊಳ್ಳಲಿರುವ ಬೀದಿ ಇಂಥ ನಿರ್ದೇಶನದೊಳಗೆ ಇಲ್ಲದಿದ್ದರೆ ಪಕ್ಕದ ಮನೆ ನಾಳೆ ಆರು ಜನರ ಹಂಚಿಕೆ ಮನೆಯಾಗಲು ಯೋಜನಾ ಅರ್ಜಿಯೇ ಬೇಕಿಲ್ಲ. ನಿಮ್ಮ ಬಿಳಿ ಜಾಗ ಅದಕ್ಕೆ ರಕ್ಷಣೆ ಕೊಡದು.

ಕೊನೆಗೆ ಶೆಡ್ಡು. ನಕ್ಷೆ ತಪ್ಪೇ ಎಂದು ಕೇಳಿದ್ದೀರಿ. ಮೊದಲು ನೀವು ನೋಡುತ್ತಿರುವ ಪರದೆಯನ್ನು ಅನುಮಾನಿಸಿ. ವೈಮಾನಿಕ ಚಿತ್ರದ ಮೇಲೆ ಗೆರೆಗಳನ್ನು ಹರಡಿಸಿ ನೋಡುತ್ತಿದ್ದರೆ ಮರದ ಕೊಂಬೆ, ಚಾವಣಿಯ ವಾಲು ಇವುಗಳಿಂದ ಒಂದೆರಡು ಮೀಟರ್ ಕಣ್ಣುಕಟ್ಟು ಸಹಜ. ನೀವೇ ಮಾಹಿತಿ ಇಳಿಸಿಕೊಂಡು ಬೇರೆ ತಂತ್ರಾಂಶದಲ್ಲಿ ತೆರೆದಿದ್ದರೆ ಇನ್ನೂ ಎಚ್ಚರ ಬೇಕು: ಮೊಬೈಲಿನ ಜಿಪಿಎಸ್ ಪದ್ಧತಿಗೂ ಬ್ರಿಟನ್ನಿನ ರಾಷ್ಟ್ರೀಯ ಗ್ರಿಡ್ಡಿಗೂ ಸರಿಯಾಗಿ ಹೊಂದಿಸದಿದ್ದರೆ ನೂರು ಮೀಟರಿನವರೆಗೂ ಜಾರುತ್ತದೆ. ಆದರೆ ನೂರು ಮೀಟರ್ ಜಾರಿದ್ದರೆ ಇಡೀ ಬೀದಿಯೇ ಹಸಿರಿಗೆ ಬೀಳುತ್ತಿತ್ತು, ನಿಮ್ಮೊಬ್ಬರ ಶೆಡ್ಡಲ್ಲ. ಅಕ್ಕಪಕ್ಕದ ಹಿತ್ತಿಲುಗಳಲ್ಲಿ ಗೆರೆ ಬೇಲಿಯ ಮೇಲೇ ಕೂತಿದ್ದು, ನೀವು ಕೊಳ್ಳುವ ಮನೆಯಲ್ಲಿ ಮಾತ್ರ ಒಳಗೆ ಬಂದಿದ್ದರೆ ನನ್ನ ಅನುಮಾನ ಬೇರೆ ಕಡೆ ತಿರುಗುತ್ತದೆ. ಗೆರೆ ಸರಿದಿಲ್ಲ, ಬೇಲಿ ಸರಿದಿರಬಹುದು.

ಒತ್ತುವರಿ ನಮ್ಮೂರ ಗೋಮಾಳಕ್ಕೆ ಮಾತ್ರ ಮೀಸಲಲ್ಲ. ಬಯಲಿಗೆ ಬೆನ್ನು ಮಾಡಿದ ಮನೆಯವರು ಒಂದು ಬೇಸಿಗೆ ಹಳೆಯ ಬೇಲಿ ಕಿತ್ತು ಮೂರು ಹೆಜ್ಜೆ ಆಚೆ ಹೊಸದು ನೆಡುವುದು ಇಂಗ್ಲೆಂಡಿನಲ್ಲೂ ನಡೆಯುತ್ತದೆ. ಹಾಗಾಗಿದ್ದರೆ ಎರಡು ಬೇರೆ ತೊಡಕುಗಳಿವೆ. ಆ ಪಟ್ಟಿಯ ಒಡೆತನ ಯಾರದು ಎಂಬುದು ಒಂದು. ಅದಕ್ಕೆ ಆಸ್ತಿ ಒಡೆತನ ದಾಖಲಿಸುವ ಲ್ಯಾಂಡ್ ರಿಜಿಸ್ಟ್ರಿಯಿಂದ ಟೈಟಲ್ ಪ್ಲ್ಯಾನ್ ಎಂಬ ನಕ್ಷೆ ತರಿಸಿ. ಅದರ ಕೆಂಪು ಗೆರೆಯೂ ಸಾಮಾನ್ಯವಾಗಿ ಮೇರೆಯನ್ನು ಅಂದಾಜಾಗಿ ತೋರಿಸುವುದೇ ಹೊರತು ಇಂಚು ಲೆಕ್ಕಕ್ಕಲ್ಲ, ಆದರೂ ಶೆಡ್ಡಿನಷ್ಟು ದೊಡ್ಡ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಬಯಲನ್ನು ಹಿತ್ತಿಲು ಮಾಡಿಕೊಂಡ ಬಳಕೆಯ ಬದಲಾವಣೆ ಎರಡನೆಯದು. ಅದಕ್ಕೆ ಅನುಮತಿ ಬೇಕಿತ್ತು. ಅನುಮತಿ ಇಲ್ಲದಿದ್ದರೆ, ಮುಚ್ಚುಮರೆ ಇಲ್ಲದೆ ಹತ್ತು ವರ್ಷ ಹಾಗೇ ನಡೆದು ಬಂದಿದ್ದರೆ ಮಾತ್ರ ಕೌನ್ಸಿಲ್ ಕ್ರಮ ಕೈಗೊಳ್ಳಲಾಗದು. ಒಡೆತನದ ಪ್ರಶ್ನೆಯನ್ನು ಆ ಹತ್ತು ವರ್ಷ ಬಗೆಹರಿಸುವುದಿಲ್ಲ, ಅದರ ದಾರಿ ಬೇರೆ.

ಟೈಟಲ್ ಪ್ಲ್ಯಾನ್ ನೋಡಿದ ಮೇಲೂ ನಕ್ಷೆಯೇ ತಪ್ಪು ಎನಿಸಿದರೆ ಕೌನ್ಸಿಲಿನ ಯೋಜನಾ ನೀತಿ ತಂಡಕ್ಕೆ 1:1250ರ ನಕ್ಷೆಯ ತುಣುಕಿನೊಂದಿಗೆ ಬರೆಯಿರಿ. 2019ರ ಯೋಜನೆಯ ಭಾಗಶಃ ಪರಿಷ್ಕರಣೆ ಈಗಾಗಲೇ ಶುರುವಾಗಿರುವುದರಿಂದ ನಕ್ಷೆಯ ಕಡತವೂ ಅವರ ಮೇಜಿನ ಮೇಲೇ ಇರುತ್ತದೆ. ಆದರೆ ಅದಕ್ಕೆ ಮೊದಲು ಮತ್ತೊಮ್ಮೆ ಮನೆ ನೋಡುವ ನೆಪದಲ್ಲಿ ಹಿತ್ತಿಲಿಗೆ ಹೋಗಿ, ಶೆಡ್ಡಿನ ಹಿಂದಿನ ಬೇಲಿಯ ಕಂಬಗಳನ್ನೂ ಪಕ್ಕದ ಮನೆಯ ಬೇಲಿಯ ಕಂಬಗಳನ್ನೂ ಮುಟ್ಟಿ ನೋಡಿ. ನಡುವೆ ಎಲ್ಲಾದರೂ ಹುಲ್ಲಿನಲ್ಲಿ ಕೊಯ್ದು ಬಿಟ್ಟ ಹಳೆಯ ಕಂಬದ ಬುಡ ಕಾಲಿಗೆ ತಗುಲಿದರೆ, ಬೇಲಿ ಯಾವ ವರ್ಷ ಹಾಕಿದ್ದು ಎಂದು ಮಾರುವವರನ್ನು ಲಿಖಿತವಾಗಿ ಕೇಳಲು ನಿಮ್ಮ ಸಾಲಿಸಿಟರಿಗೆ ಹೇಳಿ.